ಮಕ್ಕಳ ಮನದ ಅಳುಕು ಬಿಡಿಸಿದ ಕುದ್ಮುಲ್ ರಂಗರಾವ್

ಧರ್ಮದ ನೆರಳಿನಲ್ಲಿ ಅನ್ನ, ಅಕ್ಷರ ಎಂದೊಡನೆ ತುಮಕೂರಿನವರಾದ ನಮಗೆ ಮೊದಲು ನೆನಪಾಗುವುದು ಸಿದ್ಧಗಂಗಾ ಮಠ. ಶಿರಾ ಗೇಟಿನ ಮಕ್ಕಳಿಗೂ ಅದು ಪರಿಚಿತ. ಅಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾದದ್ದು 1917ರಲ್ಲಿ. ಅದಕ್ಕೂ 25 ವರ್ಷ ಮೊದಲು ಮಂಗಳೂರಿನಲ್ಲಿ ಬ್ರಹ್ಮ ಸಮಾಜದ ವಕೀಲರೊಬ್ಬರು, ಯಾವ ಶಾಲೆಯೂ ಒಳಗೆ ಬಿಟ್ಟುಕೊಳ್ಳದ ಮಕ್ಕಳಿಗಾಗಿ ಶಾಲೆ ತೆರೆದಿದ್ದರು. ಅವರೇ ಕುದ್ಮುಲ್ ರಂಗರಾವ್.

ರಂಗರಾಯರು 1859ರ ಜೂನ್ 29ರಂದು ಕಾಸರಗೋಡು ಸೀಮೆಯ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದು ಶಿಕ್ಷಕರಾದರು. ಮುಂದೆ ವಕೀಲಿ ಪರೀಕ್ಷೆ ಪಾಸು ಮಾಡಿ ಬಡವರ ಮೊಕದ್ದಮೆಗಳನ್ನು ನಡೆಸಿದರು. ಉಳ್ಳಾಲ ರಘುನಾಥಯ್ಯನವರ ಬ್ರಹ್ಮ ಸಮಾಜ ಅವರನ್ನು ಸೆಳೆಯಿತು.

1892ರಲ್ಲಿ ಉರ್ವ ಚಿಲಿಂಬಿಯ ಬಾಡಿಗೆ ಮನೆಯೊಂದರಲ್ಲಿ ದಲಿತ ಮಕ್ಕಳ ಶಾಲೆ ಶುರುವಾಯಿತು. ಊರಿನ ವಿರೋಧದಿಂದ ಅದು ಬಹುಕಾಲ ನಿಲ್ಲಲಿಲ್ಲ. ರಾಯರು ಬೇರೆ ಕಡೆ ತೆರೆದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಪಾಠ ಹೇಳಲು ಮೇಲ್ಜಾತಿಯ ಶಿಕ್ಷಕರು ಬರಲೊಪ್ಪದಿದ್ದಾಗ ಕ್ರೈಸ್ತ ಶಿಕ್ಷಕರು ಮುಂದೆ ಬಂದರು. ಒಂದು ಧರ್ಮದವರು ಕಟ್ಟಿದ ಶಾಲೆಗೆ ಇನ್ನೊಂದು ಧರ್ಮದವರು ಹೆಗಲಾದದ್ದು ಹೀಗೆ.

ಕಟ್ಟಡಕ್ಕಿಂತ ಕಷ್ಟವಾದದ್ದು ಮಕ್ಕಳನ್ನು ಕರೆತರುವುದು. ದುಡಿಯುವ ಮಗು ಶಾಲೆಗೆ ಹೋದರೆ ಮನೆಯ ಗಂಜಿಗೆ ಕೊರತೆ. ಇದನ್ನರಿತ ರಾಯರು ಮಗುವೊಂದಕ್ಕೆ ದಿನಕ್ಕೆ ಎರಡು ಪೈಸೆಯಂತೆ ಹೆತ್ತವರಿಗೆ ಕೊಟ್ಟರು. ಮಧ್ಯಾಹ್ನದ ಊಟವನ್ನೂ ಹಾಕಿದರು. ನಮ್ಮ ಮೊಹಲ್ಲಾಗಳಲ್ಲಿ ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಕಳಿಸಲು ಹೊರಡುವವರು ಈ ಎರಡು ಪೈಸೆಯ ಲೆಕ್ಕವನ್ನು ಗಮನಿಸಬೇಕು. ನೋಟ್ ಪುಸ್ತಕ ಹಂಚಿ ಫೋಟೋ ತೆಗೆಸಿಕೊಂಡು ಬಂದರೆ, ಆ ಹುಡುಗ ಮರುವಾರ ಮತ್ತೆ ಗ್ಯಾರೇಜಿನಲ್ಲಿರುತ್ತಾನೆ.

ಮಾನಸಿಕ ಆರೋಗ್ಯ ಎಂಬ ಮಾತು ಆಗ ಯಾರ ಬಾಯಲ್ಲೂ ಇರಲಿಲ್ಲ. ಆದರೆ ಮುಟ್ಟಬಾರದವನೆಂದು ದಿನವೂ ಅನ್ನಿಸಿಕೊಳ್ಳುವ ಮಗುವಿಗೆ ಅಕ್ಷರ ತಲೆಗೆ ಹತ್ತುವುದಾದರೂ ಹೇಗೆ? ಹಸಿವು ಒಂದು ಕಡೆ, ಅವಮಾನ ಇನ್ನೊಂದು ಕಡೆ. ಊಟ ಬಡಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಹೆಸರು ಹಿಡಿದು ಕರೆಯುವವರು ಸಿಕ್ಕಾಗ ಆ ಅಳುಕು ಕರಗುತ್ತದೆ. ಪಾಠ ಅಲ್ಲಿಂದ ಮುಂದಿನದು.

1897ರಲ್ಲಿ ರಾಯರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಶಾಲೆಗಳ ಸಂಖ್ಯೆ ಬೆಳೆಯಿತು, ವಿದ್ಯಾರ್ಥಿನಿಲಯ ಬಂತು, ನೇಯ್ಗೆ, ಮರಗೆಲಸ ಕಲಿಸಲಾಯಿತು. ತಾವು ಓದಿಸಿದ ಹುಡುಗ ಅಧಿಕಾರಿಯಾಗಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಬೇಕೆಂಬುದು ಅವರ ಆಸೆಯಾಗಿತ್ತೆಂದು ಮಂಗಳೂರಿನಲ್ಲಿ ಇಂದಿಗೂ ನೆನೆಯುತ್ತಾರೆ. ಸುಧಾರಣೆಯನ್ನು ಅವರು ಮನೆಯಿಂದ ಹೊರಗಿಡಲಿಲ್ಲ. ಮಗಳು ರಾಧಾಬಾಯಿ ಎಳೆಯ ವಯಸ್ಸಿನಲ್ಲೇ ವಿಧವೆಯಾದಾಗ ಮುಂದೆ ಓದಿಸಿ ಮರುಮದುವೆ ಮಾಡಿದರು. ಆಕೆ ದುಂಡು ಮೇಜಿನ ಪರಿಷತ್ತಿಗೆ ಹೋಗಿ ಬಂದರು.

ಕೊನೆಯ ವರ್ಷಗಳಲ್ಲಿ ರಾಯರು ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. 1928ರ ಜನವರಿ 30ರಂದು ನಿಧನರಾದಾಗ, ಅವರ ಇಚ್ಛೆಯಂತೆಯೇ ದಲಿತರು ಅಂತ್ಯಕ್ರಿಯೆ ನೆರವೇರಿಸಿದರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ, ಈ ಕೆಲಸದಲ್ಲಿ ರಾಯರನ್ನು ತಮಗೆ ಗುರುವೆಂದು ಸ್ಮರಿಸಿದರು. ಮಂಗಳೂರಿನ ಪುರಭವನಕ್ಕೆ ಈಗ ಅವರದೇ ಹೆಸರು.