ಪಂಚಾಕ್ಷರಿ ಗವಾಯಿಗಳು

ಮಲೆನಾಡು ಇಳಿದು ಬಯಲುಸೀಮೆ ತೊಡಗುವೆಡೆಯಲ್ಲಿ, ಸೊರಬ ತಾಲ್ಲೂಕಿನಲ್ಲಿ, ಚಂದ್ರಗುತ್ತಿಯ ಗುಡ್ಡ ತಲೆಯೆತ್ತಿ ನಿಂತಿದೆ. ಅಲ್ಲಿಯ ಗುಹೆಯಲ್ಲಿ ನೆಲೆಸಿದ ರೇಣುಕಾಂಬೆಯ ದರ್ಶನಕ್ಕೆ ಮಲೆನಾಡಿನವರಂತೆಯೇ ಬಯಲುಸೀಮೆಯ ಒಕ್ಕಲುಮಕ್ಕಳೂ ಬರುತ್ತಾರೆ. ದೇವರಿಗೆ ಕೈಲಾದ ಕಾಣಿಕೆ ಸಲ್ಲಿಸುವುದು, ಸುಗ್ಗಿಯ ಕಾಲದಲ್ಲಿ ಕಣಕ್ಕೆ ಬಂದವರಿಗೆ ಮೊರದ ತುಂಬ ಕಾಳು ನೀಡುವುದು ಈ ಸೀಮೆಯ ಜನರ ಹಳೆಯ ರೂಢಿ. ಇಂಥ ಹಿಡಿಕಾಳಿನ ಔದಾರ್ಯವನ್ನೇ ನಂಬಿ ಸಂಗೀತದ ಶಾಲೆಯೊಂದನ್ನು ಕಟ್ಟಿದವರು, ಸೊರಬದ ಉತ್ತರದ ಗಡಿಗೆ ತಾಗಿದ ಹಾನಗಲ್ಲ ಸೀಮೆಯ ಪಂಚಾಕ್ಷರಿ ಗವಾಯಿಗಳು.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಅವರು ಜನಿಸಿದರು. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಗದಿಗೆಯ್ಯ ಎಂಬುದು ಅವರ ಹುಟ್ಟುಹೆಸರು. ಅವರಿಗೂ ಅವರ ಅಣ್ಣನಿಗೂ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಅಂದಿನ ಹಳ್ಳಿಗಳಲ್ಲಿ ಕುರುಡು ಮಗುವಿನ ಪಾಲಿಗೆ ಉಳಿಯುತ್ತಿದ್ದುದು ಬಹುಮಟ್ಟಿಗೆ ಮನೆಯ ಮೂಲೆ, ಇಲ್ಲವೆ ಭಿಕ್ಷಾಪಾತ್ರೆ. ಈ ಬಾಲಕರ ಇಂಪಾದ ಕಂಠ ಹಾನಗಲ್ಲ ಕುಮಾರಸ್ವಾಮಿಗಳ ಗಮನಕ್ಕೆ ಬಂದುದು ಭಾಗ್ಯವೆನ್ನಬೇಕು. ಸ್ವಾಮಿಗಳು ಅವರ ವಿದ್ಯಾಭ್ಯಾಸದ ಹೊಣೆಯನ್ನು ವಹಿಸಿಕೊಂಡರು. ಅಣ್ಣ ಬಹುಕಾಲ ಬದುಕಲಿಲ್ಲ. ಉಳಿದ ಗದಿಗೆಯ್ಯ ಮೊದಲು ಕರ್ನಾಟಕ ಸಂಗೀತವನ್ನೂ, ಅನಂತರ ನೀಲಕಂಠಬುವಾ ಮಿರಜಕರರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಕಲಿತು, ಎರಡೂ ಪದ್ಧತಿಗಳಲ್ಲಿ ನಿಷ್ಣಾತರಾದರು.

ವಿದ್ಯೆ ಕೈಗೂಡಿದ ಮೇಲೆ ಸಂಸ್ಥಾನಗಳ ಆಸ್ಥಾನಗಳಲ್ಲಿ ಆಶ್ರಯವನ್ನರಸುವ ಹಾದಿ ಅಂದಿನ ಗಾಯಕರಿಗೆ ತೆರೆದಿತ್ತು. ಗವಾಯಿಗಳು ಆ ಹಾದಿ ಹಿಡಿಯಲಿಲ್ಲ. ತಮ್ಮಂತೆಯೇ ಅಂಧರಾದ, ಬಡವರಾದ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳತೊಡಗಿದರು. ಶುಲ್ಕವೆಂಬ ಮಾತೇ ಇರಲಿಲ್ಲ. ಪಾಠದೊಡನೆ ಅನ್ನವಸ್ತ್ರಗಳನ್ನೂ ಗುರುವೇ ಒದಗಿಸಬೇಕು. ಕಟ್ಟಡವಿಲ್ಲ, ಸರಕಾರದ ಆಶ್ರಯವಿಲ್ಲ, ದತ್ತಿಭೂಮಿಯಿಲ್ಲ. ಆದುದರಿಂದ ಶಾಲೆಯೇ ಊರೂರು ಸಂಚರಿಸಿತು. ಒಂದು ಊರಿನ ಗುಡಿಯಲ್ಲೋ ಮಠದಲ್ಲೋ ಬೀಡುಬಿಟ್ಟು, ಹಗಲು ಸ್ವರಸಾಧನೆ, ರಾತ್ರಿ ಪುರಾಣ, ಕೀರ್ತನೆ, ಗಾಯನ. ಕೇಳಿದವರು ಜೋಳ, ಅಕ್ಕಿ, ಬೆಲ್ಲ, ಕಾಸು, ತಮಗೆ ಇದ್ದುದನ್ನು ತಂದು ಕೊಡುವರು. ಇದನ್ನು ಭಿಕ್ಷೆಯೆಂದು ಕರೆಯುವುದು ಸಲ್ಲದು. ಊರು ಕೊಟ್ಟ ಕಾಳಿಗೆ ಪ್ರತಿಯಾಗಿ ಶಾಲೆ ಊರಿಗೆ ಸಂಗೀತವನ್ನು ಕೊಡುತ್ತಿತ್ತು. ಎಲ್ಲ ಜಾತಿಯವರ ಕಾಳೂ ಒಂದೇ ಚೀಲವನ್ನು ಸೇರುತ್ತಿದ್ದುದರಿಂದಲೋ ಏನೋ, ಆ ಶಾಲೆಯ ಬಾಗಿಲು ಯಾವ ಜಾತಿಯ ಮಗುವಿಗೂ ಮುಚ್ಚಿರಲಿಲ್ಲ.

ಆದರೆ ಶಿಷ್ಯರ ಸಂಖ್ಯೆ ಬೆಳೆದಂತೆ ಹಿಡಿಕಾಳು ಸಾಲದಾಯಿತು. ಮಳೆ ಹೋದ ವರ್ಷ ರೈತನ ಕಣದಲ್ಲೇ ರಾಶಿಯಿಲ್ಲದಾಗ ಶಾಲೆಯ ಒಲೆ ಉರಿಯುವುದೆಂತು? ಗವಾಯಿಗಳು ನಾಟಕ ಮಂಡಳಿಯೊಂದನ್ನು ಕಟ್ಟಿದರು. ವಿರಕ್ತ ಜೀವನ ನಡೆಸುವ ಗುರು ರಂಗಭೂಮಿಗೆ ಕಾಲಿಡುವುದು ಸಾಮಾನ್ಯ ಸಾಹಸವಲ್ಲ. ನಾಟಕದವರನ್ನು ಹಗುರಾಗಿ ಕಾಣುತ್ತಿದ್ದವರು ಆ ಕಾಲದಲ್ಲಿ ಕಡಿಮೆಯಿರಲಿಲ್ಲ. ಅದಕ್ಕೆ ಅವರು ಅಂಜಲಿಲ್ಲ. ಶಿಷ್ಯರೇ ಹಾಡುವವರು, ಶಿಷ್ಯರೇ ವಾದ್ಯ ನುಡಿಸುವವರು. ನೆಲದ ಮೇಲೆ ಕುಳಿತು ನಾಟಕ ನೋಡಿದ ಬಡವನ ಟಿಕೇಟಿನ ಹಣವೂ ಕುರುಡು ಮಗುವೊಂದರ ತುತ್ತಾಯಿತು. ಕಂಪನಿ ನಾಟಕದ ವ್ಯವಹಾರ ಸದಾ ಲಾಭದ್ದಲ್ಲ; ಒಂದು ರಾತ್ರಿಯ ಮಳೆ ಒಂದು ಮೊಕ್ಕಾಮಿನ ಗಳಿಕೆಯನ್ನೇ ಕೊಚ್ಚಿಕೊಂಡು ಹೋಗಬಲ್ಲದು. ಆದರೂ ಪಾಠ ನಿಲ್ಲಲಿಲ್ಲ.

1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದರು. ಅಲೆದಾಡುತ್ತಿದ್ದ ಶಾಲೆಗೆ ಗದುಗಿನಲ್ಲಿ ನೆಲೆ ದೊರೆತುದು ಬಸರಿಗಿಡದ ವೀರಪ್ಪನವರ ನೆರವಿನಿಂದ. ಅವರ ಹೆಸರಿನಿಂದಲೇ ಅದು ವೀರೇಶ್ವರ ಪುಣ್ಯಾಶ್ರಮವೆನಿಸಿತು. ಬಸವರಾಜ ರಾಜಗುರು, ಅರ್ಜುನಸಾ ನಾಕೋಡ, ಸಿದ್ಧರಾಮ ಜಂಬಲದಿನ್ನಿ ಮೊದಲಾದ ಹೆಸರಾಂತ ಗಾಯಕರು ಗವಾಯಿಗಳ ಗರಡಿಯಲ್ಲಿ ಪಳಗಿದವರು.

ಗವಾಯಿಗಳು 1944ರಲ್ಲಿ ತೀರಿಕೊಂಡಾಗ ಆಶ್ರಮದ ಭಾರ ಪಟ್ಟಶಿಷ್ಯ ಪುಟ್ಟರಾಜರ ಹೆಗಲಿಗೆ ಬಂದಿತು. ಅವರೂ ಹಾನಗಲ್ಲ ಸೀಮೆಯವರೇ, ಅವರೂ ದೃಷ್ಟಿಹೀನರೇ. 2010ರಲ್ಲಿ ತೀರಿಕೊಳ್ಳುವವರೆಗೆ ಅವರು ಅದನ್ನು ನಡೆಸಿದರು. ಊರೂರಿನ ಜನ ಪುಟ್ಟರಾಜರನ್ನು ತಕ್ಕಡಿಯಲ್ಲಿ ಕುಳ್ಳಿರಿಸಿ ನಾಣ್ಯಗಳಿಂದ ತೂಗಿ ತುಲಾಭಾರ ಮಾಡುತ್ತಿದ್ದರು. ತಕ್ಕಡಿಯಿಂದ ಇಳಿದ ನಾಣ್ಯಗಳು ಆಶ್ರಮದ ಮಕ್ಕಳ ಅನ್ನಕ್ಕೂ ಪಾಠಕ್ಕೂ ಸಲ್ಲುತ್ತಿದ್ದವು.