ನೆರಳು ಅಳೆದ ನಾವಿಕ ಪಿಥಿಯಸ್

ಮಕ್ಕಳೇ, ನೀವು ಕಣ್ಣಾರೆ ಕಂಡದ್ದನ್ನು ಹೇಳಿದರೂ ಜನ ಸುಳ್ಳು ಎಂದರೆ ಹೇಗನ್ನಿಸುತ್ತದೆ? ಸುಮಾರು 2,300 ವರ್ಷಗಳ ಹಿಂದೆ ಬದುಕಿದ್ದ ಪಿಥಿಯಸ್ ಎಂಬ ಗ್ರೀಕ್ ನಾವಿಕನಿಗೆ ಸುಳ್ಳುಗಾರ ಎಂಬ ಹೆಸರು ಬಂತು. ಆತ ಹೇಳಿದ್ದು ನಿಜವೇ ಆಗಿತ್ತೇ? ನೋಡೋಣ.

ಹಿಂದೆ ಗ್ರೀಕರು ಮೆಡಿಟರೇನಿಯನ್ ಸಮುದ್ರದ ದಡದಲ್ಲಿ ಅಲ್ಲಲ್ಲಿ ವಸಾಹತುಗಳನ್ನು ಕಟ್ಟಿಕೊಂಡಿದ್ದರು. ಕ್ರಿ.ಪೂ. 600ರ ಸುಮಾರಿಗೆ ಕಟ್ಟಿದ ಮಸ್ಸಾಲಿಯ ಅಂಥ ಒಂದು ಊರು. ಅದೇ ಇಂದಿನ ಫ್ರಾನ್ಸ್ ದೇಶದ ಮಾರ್ಸೇ ನಗರ. ಪಿಥಿಯಸ್ ಆ ಊರಿನವನು.

ಪಿಥಿಯಸ್‌ಗೆ ಅಳತೆಯಲ್ಲಿ ಬಹಳ ಆಸಕ್ತಿ. ವರ್ಷದ ಅತಿ ದೀರ್ಘ ಹಗಲಿನ ದಿನ, ನಡುಮಧ್ಯಾಹ್ನ, ನೆಟ್ಟಗೆ ನಿಲ್ಲಿಸಿದ ಕಂಬದ ನೆರಳನ್ನು ಆತ ಅಳೆದ. ಕಂಬದ ಎತ್ತರ 120 ಭಾಗವಾದರೆ ನೆರಳಿನ ಉದ್ದ 42 ಭಾಗಕ್ಕೆ ತುಸು ಕಡಿಮೆ ಇತ್ತು. ಈ ಅಳತೆಯಿಂದ ಊರಿನ ಅಕ್ಷಾಂಶವನ್ನು, ಅಂದರೆ ಭೂಮಧ್ಯರೇಖೆಯಿಂದ ಊರು ಎಷ್ಟು ಉತ್ತರಕ್ಕಿದೆ ಎಂಬುದನ್ನು ಲೆಕ್ಕ ಹಾಕಬಹುದು. ಉತ್ತರ ಸುಮಾರು 43 ಡಿಗ್ರಿ ಬರುತ್ತದೆ. ಇಂದಿನ ಉಪಕರಣಗಳು ತೋರಿಸುವುದು 43.3 ಡಿಗ್ರಿ. ಬರೀ ಒಂದು ಕಂಬದಿಂದ ಎಂಥ ಅಳತೆ!

ಕ್ರಿ.ಪೂ. 325ರ ಸುಮಾರಿಗೆ ಪಿಥಿಯಸ್ ಅಟ್ಲಾಂಟಿಕ್ ಸಾಗರದ ಕಡೆ ಹೊರಟು ಉತ್ತರಕ್ಕೆ ಸಾಗಿದ. ಬ್ರಿಟನ್ ತಲುಪಿದ. ಅಲ್ಲಿನ ನೈರುತ್ಯ ಮೂಲೆಯ ಜನ ನೆಲದಿಂದ ತವರ ತೆಗೆಯುತ್ತಿದ್ದರು. ತಾಮ್ರಕ್ಕೆ ತವರ ಬೆರೆಸಿದರೆ ಕಂಚು ಆಗುತ್ತದೆ. ಆದ್ದರಿಂದ ತವರಕ್ಕೆ ಆಗ ಬಹಳ ಬೆಲೆ. ಬ್ರಿಟನ್ ದ್ವೀಪ ತ್ರಿಕೋನದ ಆಕಾರದಲ್ಲಿದೆ ಎಂದು ಆತ ತಿಳಿಸಿದ. ಮೆಡಿಟರೇನಿಯನ್ ಸಮುದ್ರದಲ್ಲಿ ಉಬ್ಬರ-ಇಳಿತ ತೀರಾ ಕಡಿಮೆ. ಇಲ್ಲಿಯಾದರೋ ನೀರು ಬಹಳ ಎತ್ತರಕ್ಕೆ ಏರಿ ಇಳಿಯುತ್ತಿತ್ತು. ಇದಕ್ಕೂ ಚಂದ್ರನಿಗೂ ಸಂಬಂಧವಿದೆ ಎಂದು ಪಿಥಿಯಸ್ ಗುರುತಿಸಿದ.

ಬ್ರಿಟನ್‌ನಿಂದ ಉತ್ತರಕ್ಕೆ ಆರು ದಿನಗಳ ಪ್ರಯಾಣದ ದೂರದಲ್ಲಿ ಥೂಲೆ ಎಂಬ ನಾಡಿದೆ ಎಂದು ಆತ ಬರೆದ. ಅದು ಇಂದಿನ ನಾರ್ವೆ ಇರಬಹುದು ಅಥವಾ ಐಸ್‌ಲ್ಯಾಂಡ್ ಇರಬಹುದು. ಆ ಉತ್ತರದ ನಾಡುಗಳಲ್ಲಿ ಬೇಸಿಗೆಯ ರಾತ್ರಿ ಎರಡು ಮೂರು ಗಂಟೆ ಮಾತ್ರ. ಅಲ್ಲಿನವರು ಮಳೆ ಹೆಚ್ಚು, ಬಿಸಿಲು ಕಡಿಮೆ ಎಂದು ಬಯಲು ಕಣದ ಬದಲು ದೊಡ್ಡ ಮನೆಗಳ ಒಳಗೆ ತೆನೆ ಬಡಿಯುತ್ತಿದ್ದರು. ಇನ್ನೂ ಮುಂದೆ ನಡೆಯಲೂ ಆಗದ, ಹಡಗು ನಡೆಸಲೂ ಆಗದ ಸಮುದ್ರವಿತ್ತು. ಅದು ಮಂಜುಗಡ್ಡೆಯ ಚೂರುಗಳು ತೇಲುವ ಸಮುದ್ರವಿರಬೇಕು ಎಂದು ಇಂದಿನ ಹಲವು ವಿದ್ವಾಂಸರು ಊಹಿಸುತ್ತಾರೆ.

ಪಿಥಿಯಸ್ ಊರಿಗೆ ಮರಳಿ ಸಾಗರದ ಬಗ್ಗೆ ಪುಸ್ತಕ ಬರೆದ. ಭೂಮಿಯ ಸುತ್ತಳತೆ ಲೆಕ್ಕ ಹಾಕಿದ ಎರಟೋಸ್ತನೀಸ್ ಅದನ್ನು ನಂಬಿ ಬಳಸಿಕೊಂಡ. ಆದರೆ ಸುಮಾರು 300 ವರ್ಷಗಳ ನಂತರ ಬಂದ ಸ್ಟ್ರಾಬೊ ಎಂಬ ಭೂಗೋಳ ಪಂಡಿತ, ಅಷ್ಟು ಚಳಿಯಲ್ಲಿ ಮನುಷ್ಯರು ಬದುಕಲಾರರು, ಪಿಥಿಯಸ್ ಸುಳ್ಳುಗಾರ ಎಂದುಬಿಟ್ಟ. ಸ್ಟ್ರಾಬೊ ಉತ್ತರಕ್ಕೆ ಹೋಗಿ ನೋಡಿದವನಲ್ಲ!

ಒಂದು ವೇಳೆ ಎಲ್ಲ ಗ್ರೀಕರೂ ಪಿಥಿಯಸ್‌ನನ್ನು ನಂಬಿದ್ದರೆ? ತವರದ ಆಸೆಗೆ ಹಡಗುಗಳು ಅವನ ದಾರಿ ಹಿಡಿದು, ಉತ್ತರದ ದಡದಲ್ಲೂ ಮಸ್ಸಾಲಿಯದಂಥ ಊರುಗಳು ಹುಟ್ಟುತ್ತಿದ್ದವೋ ಏನೋ! ಇದು ನಮ್ಮ ಕಲ್ಪನೆ ಮಾತ್ರ. ನಿಜವಾಗಿ ಹಾಗೆ ಆಗಲಿಲ್ಲ.

ಪಿಥಿಯಸ್‌ನ ಪುಸ್ತಕದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಬೇರೆಯವರು, ಅದರಲ್ಲೂ ಅವನನ್ನು ಬೈದ ಸ್ಟ್ರಾಬೊ, ಬರೆದಿಟ್ಟದ್ದರಿಂದಲೇ ನಮಗೆ ಅವನ ವಿಷಯ ತಿಳಿದಿದೆ. ಭೂಮಿಯ ಅಕ್ಷ ವಾಲಿರುವುದರಿಂದ ಉತ್ತರಕ್ಕೆ ಹೋದಂತೆ ಬೇಸಿಗೆಯ ರಾತ್ರಿ ಚಿಕ್ಕದಾಗುತ್ತದೆ ಎಂದು ನಾವು ಬಲ್ಲೆವು. ನೆರಳಿನ ಅಳತೆಯನ್ನೂ ಇಂದು ಯಾರು ಬೇಕಾದರೂ ಪರೀಕ್ಷಿಸಬಹುದು. ಮಾತನ್ನು ಅಲ್ಲಗಳೆಯಬಹುದು, ಸರಿಯಾದ ಅಳತೆಯನ್ನು ಅಲ್ಲಗಳೆಯುವುದು ಕಷ್ಟ.

ಮಾಡಿ ನೋಡಿ: ಜೂನ್ 21ರಂದು ಮೋಡವಿಲ್ಲದಿದ್ದರೆ, ಶಾಲೆಯ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನೆಡಿ. ನೆರಳು ಅತಿ ಚಿಕ್ಕದಾದಾಗ ಅಳೆಯಿರಿ. ಮಸ್ಸಾಲಿಯದಲ್ಲಿ ಆ ನೆರಳು ಉತ್ತರಕ್ಕೆ ಬೀಳುತ್ತಿತ್ತು. ನಿಮ್ಮ ಊರಿನಲ್ಲಿ ಯಾವ ದಿಕ್ಕಿಗೆ ಬಿತ್ತು? ಏಕೆ? ಶಿಕ್ಷಕರೊಂದಿಗೆ ಚರ್ಚಿಸಿ.