ಉಡುತಡಿಯಿಂದ ಕದಳಿಗೆ: ಅಕ್ಕಮಹಾದೇವಿಯ ಬದುಕಿನಲ್ಲಿ ಪಯಣ ಮತ್ತು ಅಪರಿಗ್ರಹ

ಅಕ್ಕಮಹಾದೇವಿಯ ಜೀವನವನ್ನು ಕುರಿತು ಇಂದು ಲಭ್ಯವಿರುವ ತಿಳಿವಳಿಕೆ ಬಹುಮಟ್ಟಿಗೆ ಕಾವ್ಯಗಳಿಂದ ಮತ್ತು ಸಂಕಲನಗಳಿಂದ ಬಂದುದು. ಆಕೆಯ ವಚನಗಳನ್ನು ಬಿಟ್ಟರೆ ಹರಿಹರನ ಮಹಾದೇವಿಯಕ್ಕನ ರಗಳೆ, ಚಾಮರಸನ ಪ್ರಭುಲಿಂಗಲೀಲೆ ಹಾಗೂ ಶೂನ್ಯಸಂಪಾದನೆಗಳು ಮುಖ್ಯ ಆಕರಗಳು. ಮೊದಲನೆಯದು ಆಕೆಯ ಕಾಲಕ್ಕೆ ತೀರ ಸಮೀಪದ್ದು. ಉಳಿದವು 15ನೆಯ ಶತಮಾನದಲ್ಲಿ ಮತ್ತು ಅನಂತರದಲ್ಲಿ ರೂಪುಗೊಂಡವು. ಇವು ತಂದೆತಾಯಿಗಳ ಹೆಸರಿನಲ್ಲಿ ಒಮ್ಮತ ಹೊಂದಿಲ್ಲ, ಮದುವೆ ನಡೆಯಿತೆ ಇಲ್ಲವೆ ಎಂಬುದರಲ್ಲಿ ಹೊಂದಿಲ್ಲ, ಆಕೆ ಕಲ್ಯಾಣಕ್ಕೆ ಹೋದಳೆ ಎಂಬುದರಲ್ಲಿಯೂ ಹೊಂದಿಲ್ಲ. ಒಂದು ಸಂಗತಿಯಲ್ಲಿ ಮಾತ್ರ ಎಲ್ಲವೂ ಒಂದೇ ಮಾತನ್ನಾಡುತ್ತವೆ: ಮಹಾದೇವಿ ಅರಮನೆಯಿಂದ ಹೊರಟಾಗ ತನ್ನೊಡನೆ ಏನನ್ನೂ ಒಯ್ಯಲಿಲ್ಲ. ಆಕೆಯ ಜೀವನಚರಿತ್ರೆಯನ್ನು ವಿವಾಹದ ಪ್ರಶ್ನೆಯಿಂದ ಆರಂಭಿಸುವುದು ರೂಢಿಯಾಗಿದೆ. ಆಕರಗಳು ಒಪ್ಪುವ ಈ ಬಿಂದುವಿನಿಂದ ಆರಂಭಿಸುವುದೇ ಹೆಚ್ಚು ಸಮಂಜಸ.

ಆಕೆಯ ಹುಟ್ಟೂರು ಉಡುತಡಿ. ಅದು ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಬಳ್ಳಿಗಾವಿಗೆ ಸಮೀಪದಲ್ಲಿದೆ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಈ ನೆಲ 12ನೆಯ ಶತಮಾನದಲ್ಲಿ ಬನವಾಸಿ ಹನ್ನೆರಡು ಸಾವಿರದ ಭಾಗವಾಗಿತ್ತು. ನಾಗರಖಂಡ, ಜಿಡ್ಡುಳಿಗೆ ಎಂಬ ಎಪ್ಪತ್ತರ ನಾಡುಗಳು ಇಲ್ಲಿಯವೇ. ಮಲೆನಾಡಿನ ಅಂಚಿನ ಈ ಪ್ರದೇಶವನ್ನು ಧಾರ್ಮಿಕವಾಗಿ ಹಿಂದುಳಿದ ಮೂಲೆಯೆಂದು ಭಾವಿಸಿದರೆ ಮಹಾದೇವಿಯ ನಡೆ ಆಕಸ್ಮಿಕವಾಗಿ ಕಾಣುತ್ತದೆ. ವಸ್ತುಸ್ಥಿತಿ ಹಾಗಿರಲಿಲ್ಲ. ಬಳ್ಳಿಗಾವಿಯಲ್ಲಿ ಶೈವ, ವೈಷ್ಣವ, ಜೈನ, ಬೌದ್ಧ ನೆಲೆಗಳು ಒಟ್ಟೊಟ್ಟಿಗೆ ಇದ್ದವು. ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ ಕೈಟಭೇಶ್ವರ ದೇವಾಲಯವೂ ಜೈನ ಬಸದಿಯೂ ಇದ್ದವು. ಅಲ್ಲಮಪ್ರಭುವಿನ ಊರೂ ಬಳ್ಳಿಗಾವಿಯೇ ಎಂಬುದು ಹರಿಹರನಿಂದ ಬಂದ ಪರಂಪರೆ. ಒಂದು ದಿನದಲ್ಲಿ ನಡೆದು ಹೋಗಿ ಬರಬಹುದಾದ ಅಂತರದಲ್ಲಿ ಇಬ್ಬರು ಮಹಾವಚನಕಾರರು ಹುಟ್ಟಿದುದನ್ನು ಕೇವಲ ಕಾಕತಾಳೀಯವೆಂದು ಬದಿಗಿಡುವುದು ಕಷ್ಟ.

ಈ ಪರಿಸರದಲ್ಲಿ ಬಳ್ಳಿಗಾವಿಯ ಕೋಡಿಯಮಠ ವಿಶೇಷ ಗಮನಕ್ಕೆ ಅರ್ಹವಾದುದು. ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಈ ಮಠ ಕಾಳಾಮುಖ ಆಚಾರ್ಯರದು. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನ ಮಠದ ದಿನಚರಿಯನ್ನು ವಿಸ್ತಾರವಾಗಿ ಬಣ್ಣಿಸುತ್ತದೆ. ವೇದಗಳ ಅಧ್ಯಯನ, ಪಾಣಿನಿ ಮೊದಲಾದವರ ವ್ಯಾಕರಣಗಳ ಪಾಠ, ದರ್ಶನಗಳ ವ್ಯಾಖ್ಯಾನ, ಕಾವ್ಯ ನಾಟಕಗಳ ಅಭ್ಯಾಸ ಇವುಗಳ ಜೊತೆಗೆ ದೀನರಿಗೂ ರೋಗಿಗಳಿಗೂ ಅನ್ನ ಮತ್ತು ಔಷಧ ಸಿಗುವ ಸ್ಥಳವಾಗಿ ಅದು ಕಾಣಿಸಿಕೊಳ್ಳುತ್ತದೆ. ಹೆಚ್ಚು ಮಹತ್ವದ್ದು ಅಲ್ಲಿ ಉಣ್ಣುವವರ ಪಟ್ಟಿ: ನಗ್ನರು, ಕ್ಷಪಣಕರು, ಏಕದಂಡಿ ತ್ರಿದಂಡಿಗಳು, ಹಂಸ ಪರಮಹಂಸರು, ನಾನಾ ದೇಶಗಳಿಂದ ಬರುವ ಭಿಕ್ಷುಗಳು. ಮಹಾದೇವಿಯ ಕಾಲದ ಬಳ್ಳಿಗಾವಿಯ ಬೀದಿಯಲ್ಲಿ ಕೈಯಲ್ಲೊಂದು ದಂಡ ಬಿಟ್ಟರೆ ಬೇರೇನೂ ಇಲ್ಲದ, ಕೆಲವೊಮ್ಮೆ ಮೈಮೇಲೆ ಬಟ್ಟೆಯೂ ಇಲ್ಲದ ಸಂಚಾರಿಗಳು ದಿನನಿತ್ಯದ ನೋಟವಾಗಿದ್ದರು. ಆದುದರಿಂದ ಏನನ್ನೂ ಹೊರದೆ ನಡೆಯುವ ಬದುಕಿನ ಮಾದರಿಯನ್ನು ಆಕೆ ಹೊಸದಾಗಿ ಕಲ್ಪಿಸಿಕೊಳ್ಳಬೇಕಾಗಿರಲಿಲ್ಲ. ಅದು ಕಣ್ಣೆದುರಿಗೇ ಇತ್ತು. ಆದರೆ ಆ ಸಂಚಾರಿಗಳೆಲ್ಲರೂ ಗಂಡಸರು. ಅವರಿಗೆ ಅನ್ನವಿಕ್ಕುವ ಮಠಕ್ಕೆ ದತ್ತಿಬಿಟ್ಟ ಭೂಮಿ ಇತ್ತು, ಅರಸನ ಆಶ್ರಯವಿತ್ತು. ಮಹಾದೇವಿಗೆ ಇವೆರಡೂ ಇರಲಿಲ್ಲ.

ಇನ್ನೊಂದು ಎಳೆಯೂ ಇದೆ. ಕೋಡಿಯಮಠದ ಆಚಾರ್ಯರು ತಮ್ಮನ್ನು ಶಕ್ತಿಪರ್ಷೆಯ ಪರ್ವತಾವಳಿಗೆ ಸೇರಿದವರೆಂದು ಗುರುತಿಸಿಕೊಂಡಿದ್ದಾರೆ. ಈ ಪರ್ವತ ಶ್ರೀಪರ್ವತ, ಎಂದರೆ ಶ್ರೀಶೈಲವೇ ಇರಬೇಕೆಂಬುದು ವಿದ್ವಾಂಸರ ಊಹೆ. ಅದನ್ನು ಒಪ್ಪುವುದಾದರೆ ಬನವಾಸಿ ನಾಡಿನ ಹುಡುಗಿಯೊಬ್ಬಳ ಆರಾಧ್ಯದೈವ ದೂರದ ನಲ್ಲಮಲೆಯ ಮಲ್ಲಿಕಾರ್ಜುನನಾದುದು ಹೇಗೆ ಎಂಬ ಪ್ರಶ್ನೆ ತಾನಾಗಿ ಸಡಿಲಗೊಳ್ಳುತ್ತದೆ. ಬಳ್ಳಿಗಾವಿಗೂ ಶ್ರೀಶೈಲಕ್ಕೂ ನಡುವೆ ಗುರುಗಳ, ಯಾತ್ರಿಕರ ದಾರಿಯೊಂದು ಆಗಲೇ ಸವೆದಿತ್ತು.

ಹರಿಹರನ ಪ್ರಕಾರ ಶಿವಭಕ್ತ ಶಿವಭಕ್ತೆಯರೆಂಬ ದಂಪತಿಗಳ ಮಗಳಾದ ಮಹಾದೇವಿ ಎಳವೆಯಲ್ಲೇ ಗುರುವಿನಿಂದ ಲಿಂಗದೀಕ್ಷೆ ಪಡೆದವಳು. ಚಾಮರಸ ಈ ತಂದೆತಾಯಿಗಳನ್ನು ನಿರ್ಮಲ, ಸುಮತಿ ಎಂದು ಕರೆಯುತ್ತಾನೆ. ಊರಿನ ಅರಸ ಕೌಶಿಕ ಮೆರವಣಿಗೆಯಲ್ಲಿ ಸಾಗುವಾಗ ಆಕೆಯನ್ನು ಕಂಡು ಮೋಹಗೊಂಡ. ಬನವಾಸಿ ನಾಡನ್ನು ಚಾಲುಕ್ಯ ಕಳಚುರಿಗಳ ದಂಡನಾಯಕರು ಆಳುತ್ತಿದ್ದ ಕಾಲವಾದುದರಿಂದ ಇವನನ್ನು ದೊಡ್ಡ ರಾಜನೆಂದಲ್ಲ, ಸ್ಥಳೀಯ ನಾಯಕನೆಂದು ಎಣಿಸುವುದು ಉಚಿತ. ಭವಿಗೆ ಮಗಳನ್ನು ಕೊಡಲು ತಂದೆತಾಯಿಗಳು ಒಪ್ಪಲಿಲ್ಲ; ಅರಮನೆಯಿಂದ ಬೆದರಿಕೆ ಬಂತು. ಅವರನ್ನು ಉಳಿಸುವುದಕ್ಕಾಗಿ ಮಹಾದೇವಿ ಮೂರು ಕರಾರುಗಳನ್ನು ಮುಂದಿಟ್ಟು ಒಪ್ಪಿಕೊಂಡಳು. ಲಿಂಗಪೂಜೆಯಲ್ಲಿ, ಮಾಹೇಶ್ವರರ ಸಂಗದಲ್ಲಿ, ಗುರುಸೇವೆಯಲ್ಲಿ ತಾನು ತನ್ನ ಇಚ್ಛೆಯಂತೆ ಇರಬೇಕು. ಇದನ್ನು ಕೌಶಿಕ ಮೂರು ಬಾರಿ ಮೀರಿದರೆ ತಾನು ಸ್ವತಂತ್ರೆ. ಮೂರೂ ಮೀರಲ್ಪಟ್ಟವು. ಕೊನೆಯ ಸಂದರ್ಭದಲ್ಲಿ ಪರಮಭಕ್ತೆಗೆ ಬಟ್ಟೆಯೇಕೆ ಎಂದು ಕೌಶಿಕ ಹಂಗಿಸಿದ. ಆಕೆ ಆ ಹಂಗನ್ನೇ ಸ್ವೀಕರಿಸಿ ಹೊರಟುಬಿಟ್ಟಳು.

ಈ ಕಥನದಲ್ಲಿ ವಸ್ತ್ರತ್ಯಾಗ ಮೊದಲು ಕಾಣಿಸಿಕೊಳ್ಳುವುದು ವೈರಾಗ್ಯದ ಸಂಕೇತವಾಗಿ ಅಲ್ಲ, ಲೆಕ್ಕ ಚುಕ್ತಾ ಮಾಡುವ ಕ್ರಿಯೆಯಾಗಿ. ಅರಮನೆಯ ಬಟ್ಟೆ ಅರಮನೆಗೆ ಸೇರಿದ್ದು. ಅದನ್ನು ಉಟ್ಟು ಹೊರಟರೆ ಕೌಶಿಕನ ಋಣ ಜೊತೆಯಲ್ಲೇ ಬರುತ್ತದೆ. ಚಾಮರಸನ ನಿರೂಪಣೆಯಲ್ಲಿ ಮದುವೆ ನಡೆಯುವುದೇ ಇಲ್ಲ. ಆದರೆ ಅಲ್ಲಿಯೂ ಆಕೆ ತೊಡವುಗಳನ್ನೂ ಉಡುಗೆಯನ್ನೂ ಕಳೆದಿಟ್ಟು ಹೊರಡುತ್ತಾಳೆ. ವಿವಾಹಿತೆಯೆ ಅವಿವಾಹಿತೆಯೆ ಎಂಬ ಚರ್ಚೆಯಲ್ಲಿ ಖರ್ಚಾದ ಶ್ರಮದ ಸ್ವಲ್ಪ ಭಾಗವಾದರೂ ಈ ಹಿಂದಿರುಗಿಸುವಿಕೆಯ ಕಡೆಗೆ ಹರಿದಿದ್ದರೆ ಚೆನ್ನಾಗಿತ್ತು. ಪಂಚಾಂಗ, ಕ್ಯಾಲೆಂಡರುಗಳ ಚಿತ್ರಗಳಂತೂ ಆಕೆಗೆ ಬಿಳಿಯ ಸೀರೆಯುಡಿಸಿ ಸಮಸ್ಯೆಯನ್ನೇ ಇಲ್ಲವಾಗಿಸಿವೆ.

ಇದೇ ಸೀಮೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಗೆ ಸಲ್ಲುತ್ತಿದ್ದ ಬೆತ್ತಲೆ ಸೇವೆಯನ್ನು ಮಹಾದೇವಿಯ ದಿಗಂಬರತ್ವದೊಡನೆ ಒಂದೇ ಎಳೆಯಲ್ಲಿ ಪೋಣಿಸುವುದು ಸುಲಭ, ಸರಿಯಲ್ಲ. ಚಂದ್ರಗುತ್ತಿಯಲ್ಲಿ ಬೆತ್ತಲೆ ನಡೆಯುವುದು ಹರಕೆಯ ಭಾಗ. ಹೊಳೆಯಲ್ಲಿ ಮಿಂದು, ಬೆತ್ತಲೆ ನಡೆದು, ದೇವಿಯ ದರ್ಶನವಾದ ಮೇಲೆ ಭಕ್ತೆ ಮತ್ತೆ ತನ್ನ ಬಟ್ಟೆಗೆ, ಮನೆಗೆ, ಜಾತಿಗೆ ಮರಳುತ್ತಿದ್ದಳು. ಹರಕೆಯ ಹೊರೆ ಬಹುಪಾಲು ಬಡವರ, ಕೆಳಜಾತಿಗಳ ಹೆಣ್ಣುಮಕ್ಕಳ ಮೇಲೆ ಬೀಳುತ್ತಿತ್ತು. ದಲಿತ ಸಂಘಟನೆಗಳ ವಿರೋಧ ಮತ್ತು ಘರ್ಷಣೆಗಳ ನಂತರ 1986ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಮಹಾದೇವಿಯ ನಡೆಯಲ್ಲಿ ಮರಳುವಿಕೆ ಇಲ್ಲ, ಯಾರ ವಿಧಿಯೂ ಇಲ್ಲ.

ಹರಿಹರನಲ್ಲಿ ಮಹಾದೇವಿ ನೇರವಾಗಿ ಶ್ರೀಶೈಲಕ್ಕೆ ಹೋಗುತ್ತಾಳೆ. ಕಲ್ಯಾಣದ ದಾರಿಯನ್ನು ಸೇರಿಸಿದ್ದು ನಂತರದ ಪರಂಪರೆ. ಉಡುತಡಿಯಿಂದ ಕಲ್ಯಾಣಕ್ಕೆ ನೇರ ಗೆರೆಯೆಳೆದು ಅಳೆದರೂ 400 ಕಿ.ಮೀ.ಗೆ ಮಿಕ್ಕ ದೂರ. ಅಲ್ಲಿಂದ ಶ್ರೀಶೈಲಕ್ಕೆ ಮತ್ತೆ 280 ಕಿ.ಮೀ.ನಷ್ಟು. ಮಲೆನಾಡಿನ ನೆರಳು ಮುಗಿದ ಮೇಲೆ ಎರೆಭೂಮಿ, ಕೃಷ್ಣೆ ಭೀಮೆಯರ ಬಯಲು, ಕೊನೆಗೆ ನಲ್ಲಮಲೆಯ ಕಾಡು. ಈ ಪಯಣದ ದಿನಚರಿಯನ್ನು ಯಾವ ಕವಿಯೂ ವರ್ಣಿಸಿಲ್ಲ. ವಚನಗಳು ಮಾತ್ರ ಅದರ ಸುಳಿವು ನೀಡುತ್ತವೆ. ಹಸಿವು, ನೀರಡಿಕೆ, ನಿದ್ದೆ ಎಂಬ ದೇಹದ ಬೇಡಿಕೆಗಳನ್ನು ಅವು ಪಟ್ಟಿಮಾಡುತ್ತವೆ. ಊರಿನ ಭಿಕ್ಷೆ, ಕೆರೆ ಬಾವಿಗಳ ನೀರು, ಹಾಳುಗುಡಿಯ ನೆಲ ಈ ಮೂರಕ್ಕೆ ಸಾಕು. ಬೆಟ್ಟದ ಮೇಲೆ ಮನೆ ಮಾಡಿದವರ, ಕಡಲ ತಡಿಯಲ್ಲಿ, ಸಂತೆಯೊಳಗೆ ನೆಲೆಸಿದವರ ಅಂಜಿಕೆಗಳನ್ನು ಕುರಿತ ಪ್ರಸಿದ್ಧ ವಚನದಲ್ಲಿಯೂ ದಾರಿಯ ಅನುಭವದ ಛಾಯೆ ಸ್ಪಷ್ಟವಾಗಿದೆ. ಮೃಗಗಳ ಭಯಕ್ಕಿಂತ ಜನರ ನಿಂದೆ ಸ್ತುತಿಗಳು ಆಕೆಯನ್ನು ಹೆಚ್ಚು ಕಾಡಿದಂತಿದೆ.

ಇಷ್ಟು ಹಗುರವಾದ ಪಯಣ ಸಾಧ್ಯವಾದುದಕ್ಕೆ ವೈಯಕ್ತಿಕ ಧೈರ್ಯದೊಡನೆ ಶರಣಧರ್ಮದ ಒಂದು ವ್ಯವಸ್ಥೆಯೂ ಕಾರಣ. ಅದು ಇಷ್ಟಲಿಂಗ. ಸ್ಥಾವರ ದೇವಾಲಯದ ಪೂಜೆಗೆ ಗರ್ಭಗುಡಿ ಬೇಕು, ಅರ್ಚಕ ಬೇಕು, ನೈವೇದ್ಯದ ಸಾಮಗ್ರಿ ಬೇಕು. ದೇವರು ಒಂದೆಡೆ ನಿಂತಿರುವುದರಿಂದ ಭಕ್ತನೂ ಅಲ್ಲಿಗೇ ಮರಳಬೇಕು. ಅಂಗೈಯಲ್ಲಿ ಹಿಡಿಯುವ ಲಿಂಗ ಇದೆಲ್ಲವನ್ನೂ ಕಳಚಿಹಾಕಿತು. ಪೂಜೆಯ ಹಕ್ಕನ್ನು ಅದು ಹೆಣ್ಣಿಗೂ ಕೊಟ್ಟಿತೆಂಬುದನ್ನು ವಿಮರ್ಶಕರು ಮತ್ತೆ ಮತ್ತೆ ಹೇಳಿದ್ದಾರೆ. ಆದರೆ ಅದು ಹೆಣ್ಣಿಗೆ ಸಂಚಾರದ ಹಕ್ಕನ್ನೂ ಕೊಟ್ಟಿತೆಂಬುದು ಅಷ್ಟೇ ಮುಖ್ಯ. ಎಲ್ಲವನ್ನೂ ತೊರೆದ ಮಹಾದೇವಿ ತೊರೆಯದೆ ಉಳಿಸಿಕೊಂಡದ್ದು ಈ ಒಂದು ವಸ್ತುವನ್ನು.

ಶೂನ್ಯಸಂಪಾದನೆಯ ಪ್ರಕಾರ ಕಲ್ಯಾಣದಲ್ಲಿ ಆಕೆಯನ್ನು ಮೊದಲು ಎದುರಾದವನು ಕಿನ್ನರಿ ಬೊಮ್ಮಯ್ಯ. ಆತನ ಪರೀಕ್ಷೆಯಲ್ಲಿ ಗೆದ್ದ ಮೇಲೆ ಅನುಭವ ಮಂಟಪದಲ್ಲಿ ಅಲ್ಲಮನ ಪ್ರಶ್ನೆಗಳು ಕಾದಿದ್ದವು. ಗಂಡನಾರು ಎಂಬ ಪ್ರಶ್ನೆಗೆ ಚೆನ್ನಮಲ್ಲಿಕಾರ್ಜುನನನ್ನು ತೋರಿಸಿ ಉತ್ತರಿಸುವುದು ಆಕೆಗೆ ಕಷ್ಟವಾಗಲಿಲ್ಲ. ತೀಕ್ಷ್ಣವಾದುದು ಎರಡನೆಯದು: ಸೀರೆಯನ್ನು ಬಿಟ್ಟವಳು ಕೂದಲನ್ನು ಏಕೆ ಹೊದ್ದಿದ್ದಾಳೆ? ಬಿಟ್ಟೆನೆಂಬ ಭಾವ ಉಳಿದಿದ್ದರೆ ಅದೇ ಒಂದು ಹೊರೆಯೆಂಬುದು ಅಲ್ಲಮನ ಇಂಗಿತ. ನೋಡುವವರಿಗೆ ನೋವಾಗಬಾರದೆಂಬ ಕಾರಣವನ್ನು ಮಹಾದೇವಿ ಮುಂದಿಡುತ್ತಾಳೆ. ಈ ಉತ್ತರವನ್ನು ಸಮಾಜಕ್ಕೆ ತೋರಿದ ರಿಯಾಯಿತಿಯೆಂದು ಓದುವವರಿದ್ದಾರೆ. ಹಾಗೆ ಓದಿದರೆ ಅಲ್ಲಮ ಅದನ್ನು ಒಪ್ಪಿದ್ದೇಕೆಂಬುದು ವಿವರಣೆಗೆ ಸಿಗದು. ಆಕೆ ತನ್ನ ನಗ್ನತೆಯನ್ನೂ ಪ್ರದರ್ಶಿಸಬೇಕಾದ ಸ್ವತ್ತಾಗಿ ಇಟ್ಟುಕೊಂಡಿಲ್ಲವೆಂಬುದೇ ಇಲ್ಲಿ ಸಾಬೀತಾಗುವ ಸಂಗತಿ.

ಕಲ್ಯಾಣದ ಶರಣಸಮುದಾಯ ಸರಳ ಬದುಕಿಗೆ ತನ್ನದೇ ಆದ ಬೇರೊಂದು ಕ್ರಮವನ್ನು ರೂಪಿಸಿಕೊಂಡಿತ್ತು. ನುಲಿಯ ಚಂದಯ್ಯ ಹುಲ್ಲಿನಿಂದ ಹಗ್ಗ ಹೊಸೆದು ಮಾರಿ ದಾಸೋಹ ನಡೆಸಿದವನು. ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿಯನ್ನು ಆಯ್ದು ತಂದವನು. ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರಲು ಕಳುಹಿಸಿದಳು. ದುಡಿದು ತಿನ್ನು, ನಾಳೆಗೆ ಇಡಬೇಡ, ಉಳಿದುದು ಜಂಗಮಕ್ಕೆ ಎಂಬುದು ಈ ಕ್ರಮ. ಇದರಲ್ಲಿ ಮಹಾದೇವಿಯ ಸ್ಥಾನವೇನು? ಶರಣರಲ್ಲಿ ಅನೇಕರ ಹೆಸರಿನ ಹಿಂದೆ ಕಾಯಕದ ಹೆಸರಿದೆ. ಆಕೆಯ ಹೆಸರಿನ ಹಿಂದಿಲ್ಲ. ಆಕೆ ಭಿಕ್ಷೆಯನ್ನು ಆಶ್ರಯಿಸಿದವಳು. ಕಾಯಕವಿಲ್ಲದ ಭಿಕ್ಷೆಯನ್ನು ಕಲ್ಯಾಣ ಸುಲಭವಾಗಿ ಒಪ್ಪುವಂತಿರಲಿಲ್ಲ. ಆಕೆಯ ಪರೀಕ್ಷೆ ಅಷ್ಟು ದೀರ್ಘವಾದುದರ ಹಿಂದೆ ನಗ್ನತೆಯ ಜೊತೆಗೆ ಈ ಇಕ್ಕಟ್ಟೂ ಇದ್ದಿರಬೇಕೆಂದು ತೋರುತ್ತದೆ. ಲಕ್ಕಮ್ಮನ ಮನೆಯಲ್ಲಿ ಅಕ್ಕಿಯನ್ನು ಅಳೆಯಬಹುದಿತ್ತು, ಹೆಚ್ಚಾದುದನ್ನು ಮರಳಿಸಬಹುದಿತ್ತು. ಅಳೆಯಲು ಏನನ್ನೂ ಉಳಿಸಿಕೊಳ್ಳದವಳನ್ನು ಸಮುದಾಯ ಯಾವ ಪಂಕ್ತಿಯಲ್ಲಿ ಕೂರಿಸಬೇಕು? ಕಲ್ಯಾಣ ಇದಕ್ಕೆ ಕಂಡುಕೊಂಡ ಪರಿಹಾರ ಆಕೆಯನ್ನು ಅಕ್ಕ ಎಂದು ಕರೆದದ್ದು. ವಯಸ್ಸಿನಲ್ಲಿ ಹಿರಿಯರಾದವರೂ ಹಾಗೆ ಕರೆದರು. ತಂಗಲು ಮನೆಯಿಲ್ಲದವಳಿಗೆ ಒಂದು ನಂಟು ದೊರೆಯಿತು.

ಆದರೂ ಆಕೆ ಅಲ್ಲಿ ನಿಲ್ಲಲಿಲ್ಲ. ಶರಣರ ಸಂಗದಲ್ಲಿ ಕೆಲಕಾಲವಿದ್ದು, ಅಲ್ಲಮನ ಸೂಚನೆಯಂತೆ ಶ್ರೀಶೈಲದ ಕದಳಿಗೆ ಹೊರಟಳು. 1167ರ ಸುಮಾರಿನ ಕಲ್ಯಾಣದ ವಿಪ್ಲವಕ್ಕೆ ಮೊದಲೇ ಇದು ನಡೆದಂತೆ ಶೂನ್ಯಸಂಪಾದನಕಾರರು ಕಥೆಯನ್ನು ಜೋಡಿಸಿದ್ದಾರೆ. ಕದಳಿ ಎಂಬುದು ಸ್ಥಳನಾಮವೂ ಹೌದು, ಶರಣರ ಪರಿಭಾಷೆಯಲ್ಲಿ ತನುಮನಗಳ ರೂಪಕವೂ ಹೌದು. ಶ್ರೀಶೈಲದ ಪಾತಾಳಗಂಗೆಯಿಂದ ಕೃಷ್ಣೆಯಲ್ಲಿ ದೋಣಿಯ ಮೇಲೆ ಸಾಗಿದರೆ ಸಿಗುವ ಗುಹೆಗಳನ್ನು ಆಕೆಯ ಹೆಸರಿನಿಂದಲೇ ಜನ ಗುರುತಿಸುತ್ತಾರೆ.

ಆಕೆಯ ವಚನಗಳು ಇಂದು ನಾಲ್ಕುನೂರಕ್ಕೂ ಮಿಕ್ಕು ಲಭ್ಯವಿವೆ; ಯೋಗಾಂಗತ್ರಿವಿಧಿಯೂ ಆಕೆಯದೆಂದು ಪ್ರಸಿದ್ಧವಾಗಿದೆ. ಓಲೆಗರಿಯ ಕಟ್ಟನ್ನೂ ಹೊರದೆ ನಡೆದವಳ ಮಾತುಗಳನ್ನು ಕೇಳಿದವರು, ನೆನಪಿಟ್ಟವರು, ಬರೆದುಕೊಂಡವರು ಬೇರೆಯವರು. ವಿಜಯನಗರ ಕಾಲದ ಸಂಕಲನಕಾರರು ಅವನ್ನು ಸ್ಥಲಕಟ್ಟುಗಳಲ್ಲಿ ಜೋಡಿಸಿದರು. 1993ರಲ್ಲಿ ರಾಜ್ಯ ಸರ್ಕಾರದ ಸಮಗ್ರ ವಚನ ಸಂಪುಟಗಳು ಹೊರಬಂದಾಗ ಶಿವಶರಣೆಯರ ವಚನಗಳಿಗೆ ಮೀಸಲಾದ ಸಂಪುಟದ ಬಹುದೊಡ್ಡ ಭಾಗ ಆಕೆಯದಾಯಿತು.

ಹರಿಹರನ ರಗಳೆಯ ಕೊನೆಯ ಭಾಗದಲ್ಲಿ ತಂದೆತಾಯಿಗಳು ಮಗಳನ್ನು ಹುಡುಕಿಕೊಂಡು ಉಡುತಡಿಯಿಂದ ಶ್ರೀಶೈಲದವರೆಗೆ ಬರುತ್ತಾರೆ. ಕೌಶಿಕನೂ ಭಕ್ತನ ವೇಷದಲ್ಲಿ ಬರುತ್ತಾನೆ. ಮಹಾದೇವಿ ಅವನನ್ನು ಒಪ್ಪಲಿಲ್ಲ. ತಂದೆತಾಯಿಗಳನ್ನು ಸಂತೈಸಿ ಬೀಳ್ಕೊಟ್ಟಳು. ಅವರು ಬಂದ ದಾರಿಯಲ್ಲೇ ಊರಿಗೆ ಹಿಂದಿರುಗಿದರು.